ಹಾಲವ್ವನ ಕಾಲು

ನನಗೆ ಕೋಪ ಬೇಗ ಬರುತ್ತದೆ. ಮೂವತ್ತೆರಡು ವರ್ಷ ಮುಂಬಯಿ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಒತ್ತಕ್ಷರ ತಿದ್ದಿಸಿದವಳಿಗೆ ಬೇರೇನು ಬರಬೇಕು ಹೇಳಿ. ನಿವೃತ್ತಿಯಾದ ಮೇಲೆ ಆ ಕೋಪವನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ, ಚೆಂಬೂರಿನ ನಮ್ಮ ಕನ್ನಡ ಸಂಘದ ಹಿಂದಿನ ಕೋಣೆಯಲ್ಲಿ ಶನಿವಾರ ಶನಿವಾರ ಒಂದು ಮೇಜು ಹಾಕಿಕೊಂಡು ಕೂರತೊಡಗಿದೆ. ಅರ್ಜಿ ತುಂಬಿಸಿಕೊಡುವುದು ನನ್ನ ಕೆಲಸ. ಕಟ್ಟಡ ಕೆಲಸದವರು, ಹೋಟೆಲಿನ ಹುಡುಗರು, ಮನೆಗೆಲಸದ ಹೆಂಗಸರು ಬರುತ್ತಾರೆ. ಆಧಾರಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಹೆಸರು, ಬಾಯಲ್ಲಿ ಮೂರನೆಯದು. ನಾನು ಬೈಯುತ್ತೇನೆ, ಆಮೇಲೆ ಬರೆದುಕೊಡುತ್ತೇನೆ. ಬೈಸಿಕೊಂಡವರೇ ಮುಂದಿನ ವಾರ ಪಕ್ಕದ ಮನೆಯವರನ್ನೂ ಕರೆದುಕೊಂಡು ಬರುತ್ತಾರೆ.

ಹಾಲವ್ವ ಹಾಗೆ ಬಂದವಳಲ್ಲ. ಅವಳನ್ನು ನಾನು ಹತ್ತು ವರ್ಷದಿಂದ ಬಲ್ಲೆ. ಅವಳ ಮಗಳು ಸೋನಾಲಿ ನಮ್ಮ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತಳು. ಮುದ್ದೇಬಿಹಾಳದ ಕಡೆಯವರು. ಗಂಡ ನಿಂಗಣ್ಣ ಪನ್ವೇಲಿನ ಆಚೆ ಎಲ್ಲೋ ಕಟ್ಟಡದ ಕೆಲಸದಲ್ಲಿದ್ದಾನೆ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಹಾಲವ್ವ ಮನೆಯಲ್ಲಿ ಜೋಳದ ರೊಟ್ಟಿ ಬಡಿದು, ಬುಟ್ಟಿಯಲ್ಲಿ ಹೊತ್ತು ದಿನಕ್ಕೆ ಎರಡು ಬಾರಿ ಸ್ಟೇಷನ್ನಿನ ಹೊರಗೆ ಕೂತು ಮಾರುತ್ತಾಳೆ. ಬೆಳಿಗ್ಗೆ ಒಂದು ಬುಟ್ಟಿ, ಸಂಜೆ ಒಂದು ಬುಟ್ಟಿ. ಹಳ್ಳಿಯ ರೊಟ್ಟಿಯ ರುಚಿ ಗೊತ್ತಿದ್ದ ಗಿರಾಕಿಗಳು ಸಾಲುಗಟ್ಟಿ ನಿಲ್ಲುತ್ತಾರೆ. ಉಡುಪಿಯ ಕಡೆಯವಳಾದ ನನಗೆ ರೊಟ್ಟಿ ಅಗಿಯುವಷ್ಟರಲ್ಲಿ ದವಡೆ ನೋಯುತ್ತದೆ, ಆದರೂ ಶನಿವಾರ ಎರಡು ರೊಟ್ಟಿ ನನ್ನ ಮೇಜಿಗೆ ಬರುತ್ತವೆ, ನಾನು ತಿನ್ನುತ್ತೇನೆ.

ಅವರು ಇರುವ ಚಾಳು, ಒಂದೊಂದು ಕೋಣೆಯ ಹಳೆಯ ವಠಾರ, ಈ ವರ್ಷ ಒಡೆಯುವುದೆಂದು ನಿಶ್ಚಯವಾಯಿತು. ಅಲ್ಲಿ ಇಪ್ಪತ್ತಮೂರು ಮಹಡಿಯ ಬಿಲ್ಡಿಂಗ್ ಏಳುತ್ತದೆ, ಎಲ್ಲರಿಗೂ ಒಂದೊಂದು ಮನೆ, ಯಾರಿಗೆ ಯಾವ ಮಹಡಿ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುವುದು. ಆ ಸಭೆಗೆ ನನ್ನನ್ನೂ ಕರೆದಿದ್ದರು, ಕಾಗದ ಓದಿ ಹೇಳಲು. ನಾನು ಓದಿ ಹೇಳಿ ಸುಮ್ಮನೆ ಕೂರುವವಳಲ್ಲ. ‘ಅಂಗವಿಕಲರಿಗೆ ಚೀಟಿ ಎತ್ತಿಸುವುದೇನು? ಎರಡು ಸಾವಿರದ ಹದಿನಾರರ ಕೇಂದ್ರದ ಕಾನೂನು ಉಂಟು. ಇಪ್ಪತ್ತೊಂದು ಬಗೆಯ ವೈಕಲ್ಯ ಅದರಲ್ಲಿ ಬರೆದುಂಟು. ಅದು ದಯೆಯಲ್ಲ, ಹಕ್ಕು’ ಎಂದು ಎದ್ದು ನಿಂತು ಹೇಳಿದೆ. ಕಾನೂನಿನಲ್ಲಿ ಮಹಡಿಯ ಲೆಕ್ಕ ಎಲ್ಲಿದೆಯೆಂದು ಯಾರಾದರೂ ಕೇಳಿದ್ದರೆ ನನ್ನ ಬಳಿ ಉತ್ತರವಿರಲಿಲ್ಲ. ಯಾರೂ ಕೇಳಲಿಲ್ಲ. ಟೀಚರ್ ಜೊತೆ ಯಾರು ವಾದ ಮಾಡುತ್ತಾರೆ? ನಲವತ್ತು ಪ್ರತಿಶತ ಅಥವಾ ಹೆಚ್ಚು ವೈಕಲ್ಯದ ಸರ್ಕಾರಿ ಸರ್ಟಿಫಿಕೇಟು ತಂದವರಿಗೆ ಒಂದರಿಂದ ಮೂರನೆಯ ಮಹಡಿಯೊಳಗೆ ಮನೆ ಎಂದು ಚಾಳಿನ ಕಮಿಟಿಯವರು ಒಪ್ಪಿಕೊಂಡರು. ಕಾಗದ ಕೊಡಲು ಜುಲೈ ಮೂವತ್ತೊಂದು ಕೊನೆಯ ದಿನ.

ಅದಾದ ಮರು ಶನಿವಾರ ಹಾಲವ್ವ ರೊಟ್ಟಿ ಇಟ್ಟವಳು ಹೋಗದೆ ನಿಂತಳು.

‘ಅಕ್ಕೋರ, ನಂದೂ ಕಾಲ ಬರೋಬರಿ ಇಲ್ರಿ’ ಎಂದಳು. ಅವಳ ಕಡೆ ಮಾಸ್ತರಿಣಿಯನ್ನು ಅಕ್ಕೋರು ಎನ್ನುತ್ತಾರೆ.

‘ನಿನ್ನದಾ? ಎಂತ ಹೇಳ್ತೀ ಮಾರಾಯ್ತಿ, ನೀನು ನೆಟ್ಟಗೆ ನಡೀತೀಯಲ್ಲ!’

‘ನಡೀತೀನ್ರಿ. ಹತ್ತಾಕ ಆಗಂಗಿಲ್ಲ.’ ಬಾಗಿಲ ಕಡೆ ಒಮ್ಮೆ ನೋಡಿ, ಸೀರೆಯನ್ನು ಮೊಣಕಾಲಿನ ತನಕ ಎತ್ತಿದಳು. ಬಲಗಾಲಿನ ಮೊಣಕಾಲಿಂದ ಕೆಳಗಿನ ಎಲುಬು ಹೊರಗಡೆಗೆ ಬಾಗಿತ್ತು. ಹನ್ನೆರಡು ವರ್ಷದ ಹಿಂದೆ ನಿಂಗಣ್ಣನ ಜೊತೆ ಅವಳೂ ಕಟ್ಟಡದ ಕೆಲಸ ಮಾಡುತ್ತಿದ್ದಳು. ಉಸುಕಿನ ಬುಟ್ಟಿ ಹೊತ್ತು ಹಲಗೆಯ ಮೇಲೆ ಹತ್ತುವಾಗ ಹಲಗೆ ಜಾರಿತು. ಕಂತ್ರಾಟುದಾರ ಅವಳನ್ನು ಊರಿನ ಬಸ್ಸಿಗೆ ಹತ್ತಿಸಿದ, ಅಲ್ಲಿ ಎಲುಬು ಕೂಡಿಸುವ ಅಜ್ಜ ಬಿದಿರಿನ ಪಟ್ಟಿ ಇಟ್ಟು ಕಟ್ಟಿದ. ಎಲುಬು ತನಗೆ ತೋಚಿದ ಕಡೆ ಕೂಡಿಕೊಂಡಿತು.

‘ಲಿಫ್ಟ್ ಇರ್ತದಲ್ಲ?’ ಎಂದೆ.

‘ಆಜೂಬಾಜೂ ಬಿಲ್ಡಿಂಗದಾಗ ನೋಡೀನ್ರಿ ಅಕ್ಕೋರ. ವಾರದಾಗ ಎರಡ ದಿನ ಬಂದ್ ಇರ್ತೈತಿ. ಹದಿನೆಂಟನೇ ಮಾಳಿಗಿ ಬಂತಂದ್ರ ನಾ ಬುಟ್ಟಿ ತಗೊಂಡ ಹೆಂಗ ಇಳೀಲಿ? ರೊಟ್ಟಿ ಬಂದ್ ಆಗ್ತೈತ್ರಿ.’

ರೊಟ್ಟಿ ನಿಂತರೆ ಮನೆ ನಡೆಯುವುದೂ ನಿಲ್ಲುತ್ತದೆ, ಅದನ್ನು ಅವಳು ಹೇಳಬೇಕಾಗಿರಲಿಲ್ಲ. ನಾನು ಅಲ್ಲೇ ಕೂತು ಮೊಬೈಲಿನಲ್ಲಿ ಅಂಗವಿಕಲರ ಕಾರ್ಡಿನ ಅರ್ಜಿ ತುಂಬಿಸಿದೆ. ದೇಶಕ್ಕೆಲ್ಲ ಒಂದೇ ಕಾರ್ಡು. ಮುದ್ದೇಬಿಹಾಳದಲ್ಲೂ ನಡೆಯುತ್ತದೆ, ಚೆಂಬೂರಿನಲ್ಲೂ ನಡೆಯುತ್ತದೆ. ಎರಡು ಸ್ಟೇಷನ್ ಆಚೆಯ ಸರ್ಕಾರಿ ಆಸ್ಪತ್ರೆ ಆರಿಸಿದೆ. ಅಲ್ಲಿ ಬುಧವಾರ ಬುಧವಾರ ಬೋರ್ಡಿನ ಡಾಕ್ಟರುಗಳು ಕೂತು ತಪಾಸಣೆ ಮಾಡಿ ಪ್ರತಿಶತ ಬರೆಯುತ್ತಾರೆ.

ಆ ವಾರ ನಾನು ಮುಂಬಯಿಯ ಇನ್ನೊಂದು ತುದಿಯ ದಹಿಸರಿಗೆ ಹೊರಟಿದ್ದೆ. ಮಗಳು ಪ್ರಣೀತಾಳ ಬಾಣಂತನ. ಬಟ್ಟೆ ಕಟ್ಟುವುದು, ಮದ್ದಿನ ಸಾಮಾನು ತರುವುದು, ತಲೆಯಲ್ಲಿ ನೂರೆಂಟು. ಹಾಲವ್ವ ಒಂದೊಂದನ್ನೂ ಎರಡೆರಡು ಸಲ ಕೇಳುತ್ತಿದ್ದಳು. ಯಾವ ಖಿಡಕಿ? ಏನು ಕೇಳತಾರ? ಮರಾಠಿ ಬರಂಗಿಲ್ಲಲ್ರಿ? ಇಪ್ಪತ್ತು ವರ್ಷವಾದರೂ ಅವಳಿಗೆ ಮರಾಠಿ ಬಾರದು, ರೊಟ್ಟಿ ಮಾರುವಷ್ಟು ಹಿಂದಿ ಮಾತ್ರ. ಮಗಳನ್ನು ಕರೆದುಕೊಂಡು ಹೋಗೆಂದರೆ, ಸೋನಾಲಿ ಗೋರೆಗಾಂವಿನ ಅಂಗಡಿಯೊಂದಕ್ಕೆ ಕೆಲಸಕ್ಕೆ ಸೇರಿ ಇನ್ನೂ ಇಪ್ಪತ್ತು ದಿನ, ರಜೆ ಕೊಡುವುದಿಲ್ಲ. ನನ್ನ ತಾಳ್ಮೆ ಮುಗಿಯಿತು.

‘ಅಷ್ಟು ಹೆದರುವುದೆಂತಕ್ಕೆ? ಅವರು ಏನು ಕೇಳಿದರೂ ಕಾಲು ತೋರಿಸಿ ಕಾಲು ಅಂತ ಹೇಳು, ಸಾಕು. ಮತ್ತೆ ಈ ರಸೀದಿ ಉಂಟಲ್ಲ, ಇದನ್ನು ಕಳೆದರೆ ನನ್ನ ಹತ್ತಿರ ಬರಬೇಡ. ಕಂಡಕಂಡವರ ಕೈಗೆ ಕೊಡಬೇಡ. ಡಾಕ್ಟರು ಕೇಳಿದರೆ ಮಾತ್ರ ಕೊಡು.’

‘ಹೂಂ ರಿ ಅಕ್ಕೋರ’ ಎಂದು ಅವಳು ರಸೀದಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಯೊಳಗೆ ಇಟ್ಟುಕೊಂಡಳು. ನಾನು ದಹಿಸರಿಗೆ ಹೋದೆ. ಮೊಮ್ಮಗು ಹುಟ್ಟಿತು. ಎರಡೂವರೆ ತಿಂಗಳು ಹಾಲವ್ವನ ನೆನಪು ನನಗೆ ಬರಲಿಲ್ಲ, ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೆ ಬರಲಿಲ್ಲ.

ಜುಲೈ ಕೊನೆಯ ವಾರ ವಾಪಸು ಬಂದೆ. ಸೋಮವಾರ ಬೆಳಿಗ್ಗೆ ಫೋನು. ಕಮಿಟಿ ಆಫೀಸಿನ ಅನಿಲ. ಮೂವತ್ತರ ಹುಡುಗ, ಅಪ್ಪ ಅಮ್ಮ ಮಂಗಳೂರಿನವರು, ಹುಟ್ಟಿದ್ದು ಇಲ್ಲೇ. ಅವನ ಕನ್ನಡ ಸಿಗ್ನಲ್ ಸಿಗದ ಲೋಕಲ್ಲಿನಂತೆ ನಿಂತು ನಿಂತು ಬರುತ್ತದೆ.

‘ಆಂಟಿ, ನೀವು ಬಂದ್ರೆ ಒಳ್ಳೇದು. ಆ ರೋಟಿವಾಲಿ ಆಂಟಿ ಇದ್ದಾರಲ್ಲ, ಅವರ ಪೇಪರ್ಸ್... ಕುಛ್ ಗಡ್‌ಬಡ್ ಹೈ.’

ಹೋದೆ. ಹಾಲವ್ವ ಅಲ್ಲಿ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಅನಿಲನ ಮೇಜಿನ ಮೇಲೆ ಆಸ್ಪತ್ರೆಯ ಮೂರು ಕೇಸ್‌ಪೇಪರು.

‘ನೋಡಿ ಆಂಟಿ. ಮೇ ಹದಿನಾಲ್ಕು, ಜೂನ್ ಹನ್ನೊಂದು, ಜುಲೈ ಒಂಬತ್ತು. ಮೂರರಲ್ಲೂ ಮರಾಠಿಯಲ್ಲಿ ಸೇಮ್ ಬರೆದಿದ್ದಾರೆ, ನಿನ್ನೆ ಪೆಟ್ಟಾಯ್ತು ಅಂತ. ಹರ್ ಬಾರ್ ನಿನ್ನೆ! ಇವರ ಕಾಲು ಪ್ರತಿ ತಿಂಗಳು ನಿನ್ನೆ ಮುರಿಯುತ್ತಾ? ಈಗ ಫೇಕ್ ಸರ್ಟಿಫಿಕೇಟ್ ಅಂತ ಎಷ್ಟು ಗಲಾಟೆ ಆಗ್ತಿದೆ ನೋಡಿದ್ದೀರಲ್ಲ. ಬೇರೆ ರೂಮಿನವರು ಆಲ್ರೆಡಿ ಬೋಲ್ ರಹೇ ಹೈಂ, ಕೆಳಗಿನ ಮನೆಗಾಗಿ ನಾಟಕ ಅಂತ.’

‘ನಾ ನಾಟಕ ಮಾಡಿಲ್ರಿ’ ಎಂದಳು ಹಾಲವ್ವ, ನೆಲ ನೋಡುತ್ತ. ‘ಅಕ್ಕೋರ ಹೇಳಿದಂಗ ಮಾಡೀನಿ. ಮೂರ ಸಲ ಹೋಗೀನಿ. ಮೂರ ಸಲಾನೂ ಸೂಜಿ ಚುಚ್ಯಾರ, ಹೊಸಾ ಪಟ್ಟಿ ಕಟ್ಯಾರ, ವಾರ ಆರಾಮ್ ಮಾಡ ಅಂದಾರ. ಇನ್ನ ಎಷ್ಟ ಸೂಜಿ ಆದ ಮ್ಯಾಲ ಕಾರ್ಡ್ ಕೊಡತಾರಂತ ಗೊತ್ತಾಗವಲ್ತು.’

ಕೇಸ್‌ಪೇಪರನ್ನು ನಾನು ಕೈಗೆತ್ತಿಕೊಂಡೆ. ಖಿಡಕಿಯ ಗುಮಾಸ್ತನ ಅವಸರದ ಅಕ್ಷರ. ‘ಕಾಲ್ ಲಾಗಲೇ.’ ನಿನ್ನೆ ಪೆಟ್ಟಾಗಿದೆ. ಓದಿದೆ, ಇನ್ನೊಮ್ಮೆ ಓದಿದೆ, ಆಮೇಲೆ ನನ್ನ ಕಿವಿ ಬಿಸಿಯಾಯಿತು.

‘ಹಾಲವ್ವ, ಖಿಡಕಿಯಲ್ಲಿ ಅವನು ಏನು ಕೇಳಿದ?’

‘ಲಾಗ್ಲಂ ಲಾಗ್ಲಂ ಅಂದ್ರಿ. ಲಗ್ ಗಯಾ ಅಂತಾರಲ್ರಿ ಹಿಂದ್ಯಾಗ. ಎಲ್ಲಿ ಬಡದೈತಿ ಅಂತ ಕೇಳಾಕ ಹತ್ಯಾನ ಅಂತ ತಿಳೀತು. ನೀವು ಹೇಳಿದ್ದಿರಲ್ರಿ, ಏನ ಕೇಳಿದರೂ ಕಾಲ ಅನ್ನು ಅಂತ. ಕಾಲ ಅಂದೆ.’

ಅವನು ಕೇಳಿದ್ದು ‘ಕಧೀ ಲಾಗ್ಲಂ’, ಯಾವಾಗ ಪೆಟ್ಟಾಯಿತು ಎಂದು. ಮರಾಠಿಯಲ್ಲಿ ಕಾಲ್ ಎಂದರೆ ನಿನ್ನೆ. ಹೆಚ್ಚು ನಡೆದರೆ ಅವಳ ಪಾದ ಊದುತ್ತದೆಯಂತೆ, ಅದಕ್ಕೆ ಅರಿಶಿನ ಸುಣ್ಣ ಹಚ್ಚಿ ಬಟ್ಟೆ ಕಟ್ಟಿಕೊಂಡು ಹೋಗುತ್ತಿದ್ದಳು. ಪಟ್ಟಿ ಕಟ್ಟಿಕೊಂಡ ಹೆಂಗಸು, ನಿನ್ನೆ ಪೆಟ್ಟಾಯಿತು ಎನ್ನುತ್ತಾಳೆ. ಗುಮಾಸ್ತ ಮೂರು ಸಲವೂ ನೇರವಾಗಿ ಅಪಘಾತದ ವಿಭಾಗಕ್ಕೆ ಕಳಿಸಿದ್ದಾನೆ. ಅಲ್ಲಿ ಧನುರ್ವಾಯು ಬಾರದ ಹಾಗೆ ಇಂಜೆಕ್ಷನ್, ನೋವಿನ ಗುಳಿಗೆ. ಬೋರ್ಡಿನ ಬಾಗಿಲನ್ನು ಅವಳು ನೋಡಿಯೇ ಇಲ್ಲ. ಅರ್ಜಿಯ ರಸೀದಿ ತೋರಿಸಿದ್ದರೆ ಗುಮಾಸ್ತನಿಗೆ ತಿಳಿಯುತ್ತಿತ್ತು.

‘ರಸೀದಿ ಎಲ್ಲಿ?’

ಎದೆಯೊಳಗಿಂದ ಪ್ಲಾಸ್ಟಿಕ್ಕಿನ ಸುರುಳಿ ತೆಗೆದಳು. ಬೆವರಿಗೆ ಒಂದು ಅಕ್ಷರವೂ ಅಳಿಸಿರಲಿಲ್ಲ. ‘ಡಾಕ್ಟ್ರು ಕೇಳಲಿಲ್ರಿ. ಅದಕ್ಕ ಕೊಡಲಿಲ್ಲ.’

ಯಾರಿಗೆ ಬೈಯಲಿ? ಗುಮಾಸ್ತನಿಗೆ ಬೈಯುವಂತಿಲ್ಲ, ಅವನು ಕೇಳಿಸಿಕೊಂಡದ್ದನ್ನೇ ಬರೆದ. ಹಾಲವ್ವನಿಗೆ ಬೈಯುವಂತಿಲ್ಲ, ಹೇಳಿದ್ದನ್ನೇ ಚಾಚೂತಪ್ಪದೆ ಮಾಡಿದಳು. ನಲವತ್ತು ವರ್ಷ ಮುಂಬಯಿಯಲ್ಲಿದ್ದು, ಮರಾಠಿಯಲ್ಲಿ ಭಾಷಣ ಮಾಡುವ ನನಗೆ ಅವಳನ್ನು ಕಳಿಸುವಾಗ ಆ ಒಂದು ಶಬ್ದ ಹೊಳೆಯಲಿಲ್ಲ. ಅವಳ ಮೂರು ತಿಂಗಳನ್ನು ನಾನು ನುಂಗಿದ್ದೆ.

ಅನಿಲನಿಗೆ ವಿವರಿಸಿ ಹೇಳಿದೆ. ಅವನು ಮೊದಲು ನಕ್ಕ, ಆಮೇಲೆ ಹಾಲವ್ವನ ಮುಖ ನೋಡಿ ನಗು ನಿಲ್ಲಿಸಿದ. ‘ಸಾರಿ ಆಂಟಿ’ ಎಂದ ಅವಳಿಗೆ. ‘ಲೇಕಿನ್ ಗುರುವಾರ ಲಾಸ್ಟ್. ಸರ್ಟಿಫಿಕೇಟ್ ಇಲ್ಲದೆ ನಾನು ಹೆಸರು ಬರೆದ್ರೆ, ಬಾಕಿ ಲೋಗ್ ನನ್ನನ್ನು ಬಿಡಲ್ಲ.’

ಗುರುವಾರ ಕೊನೆಯ ದಿನ. ನಡುವೆ ಒಂದೇ ಒಂದು ಬುಧವಾರ.

ಆ ಬುಧವಾರ ಬೆಳಿಗ್ಗೆ ಏಳಕ್ಕೇ ಇಬ್ಬರೂ ಲೋಕಲ್ ಹಿಡಿದೆವು. ಲೇಡೀಸ್ ಡಬ್ಬಿಯಲ್ಲಿ ಕಂಬ ಹಿಡಿದು ನಿಂತೇ ನಾನು ಅವಳಿಗೆ ಹೇಳಿದೆ: ‘ತಪ್ಪು ನನ್ನದು ಹಾಲವ್ವ. ನಾನು ಸರಿಯಾಗಿ ಹೇಳಬೇಕಿತ್ತು. ಇಲ್ಲ, ನಾನೇ ಬರಬೇಕಿತ್ತು.’ ಶಾಲೆಯಲ್ಲಿ ಹೆಡ್‌ಮಾಸ್ತರರಿಗೂ ನಾನು ಹಾಗೆ ಹೇಳಿದವಳಲ್ಲ.

ಅವಳಿಗೆ ಕಸಿವಿಸಿಯಾಯಿತು. ‘ಇರ್ಲಿ ಬಿಡ್ರಿ ಅಕ್ಕೋರ. ಸೂಜಿ ಪುಕ್ಕಟ ಇತ್ತು’ ಎಂದಳು.

‘ಮರಾಠಿಯಲ್ಲಿ ಕಾಲಿಗೆ ಪಾಯ್ ಅಂತಾರೆ. ಪಾಯ್. ಹೇಳು.’

‘ಪಾಯಾ? ಅದು ಮನೀದಲ್ರಿ? ಪಾಯಾ ತೋಡೋದು ನಮಗ ಗೊತ್ತು, ಎಷ್ಟ ಬಿಲ್ಡಿಂಗಿಂದು ತೋಡೀವಿ.’

‘ಅದೇ ಅಂತ ನೆನಪಿಟ್ಟುಕೋ. ಮನೆಗೆ ಇದ್ದದ್ದೇ ಮನುಷ್ಯನಿಗೂ. ಬಾರಾ ವರ್ಷಾಂಪಾಸೂನ್, ಹನ್ನೆರಡು ವರ್ಷದಿಂದ. ಹೇಳು.’

ಎರಡು ಸ್ಟೇಷನ್ ಬರುವಷ್ಟರಲ್ಲಿ ಅವಳು ಇಪ್ಪತ್ತು ಸಲ ಹೇಳಿದಳು. ಪಕ್ಕದಲ್ಲಿ ಹೂ ಕಟ್ಟುತ್ತ ಕೂತಿದ್ದ ಮರಾಠಿ ಹೆಂಗಸು ಮೂರನೆಯ ಸಲಕ್ಕೆ ಅವಳ ಉಚ್ಚಾರ ತಿದ್ದಿದಳು. ಖಿಡಕಿಯ ಗುಮಾಸ್ತ ಕೇಳುವ ಮೊದಲೇ ಹಾಲವ್ವ ರಸೀದಿ ಅವನ ಮುಂದೆ ಹಾಕಿ, ‘ಪಾಯ್! ಬಾರಾ ವರ್ಷಾಂಪಾಸೂನ್!’ ಎಂದು ಕೂಗಿದಳು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನು ರಸೀದಿ ನೋಡಿ ಕೋಣೆಯ ನಂಬರು ಬರೆದು ಕೊಟ್ಟ. ಇಷ್ಟೇ ಆಗಿತ್ತಲ್ಲ ಎಂದು ನನಗೆ ಇನ್ನೂ ಹೆಚ್ಚು ಸಂಕಟವಾಯಿತು.

ಬೋರ್ಡಿನ ಕೋಣೆಯ ಹೊರಗೆ ನಾಲ್ಕು ಗಂಟೆ ಕೂತೆವು. ಕಣ್ಣಿಲ್ಲದ ಮುದುಕರು, ಮಗುವನ್ನು ತೊಡೆಯ ಮೇಲೆ ಹಿಡಿದ ತಾಯಂದಿರು, ಕೈಯಲ್ಲೇ ಮಾತಾಡಿಕೊಂಡು ನಗುತ್ತಿದ್ದ ಇಬ್ಬರು ಹುಡುಗಿಯರು. ಹಾಲವ್ವ ಎಲ್ಲರನ್ನೂ ನೋಡಿದಳು.

‘ಇವರೆಲ್ಲಾರ ಮುಂದ ನಂದೇನ್ರಿ ಅಕ್ಕೋರ’ ಎಂದಳು ಮೆಲ್ಲಗೆ. ‘ನಾ ಅರ್ಜಿ ಹಾಕಿದ್ದ ತಪ್ಪಾತೇನು ಅನಸ್ತೈತಿ.’

‘ಬಾಯಿ ಮುಚ್ಚು’ ಎಂದೆ. ಕೋಪ ಬಂದದ್ದಲ್ಲ, ಹೆದರಿಕೆಯಾಗಿತ್ತು.

ಹನ್ನೆರಡೂವರೆಗೆ ಕರೆದರು. ಎಲುಬಿನ ಡಾಕ್ಟರು ಚಿಕ್ಕ ವಯಸ್ಸಿನವರು, ಬೆಳಗಿನಿಂದ ನೀರು ಕುಡಿದ ಹಾಗೆ ಕಾಣುತ್ತಿರಲಿಲ್ಲ. ನಾನು ನನ್ನ ಅಚ್ಚುಕಟ್ಟಾದ ಮರಾಠಿಯಲ್ಲಿ ಶುರು ಮಾಡಿದೆ. ಎರಡು ವಾಕ್ಯ ಆಗುವುದರೊಳಗೆ ಅವರು ಕೈಯೆತ್ತಿದರು. ಸಂಬಂಧಿಕರೇ? ಅಲ್ಲವೇ? ಹಾಗಾದರೆ ಕೂತುಕೊಳ್ಳಿ, ಅವರದು ಅವರೇ ಹೇಳಲಿ, ಹಿಂದಿಯಾದರೂ ಆದೀತು ಎಂದರು. ಮೂವತ್ತೆರಡು ವರ್ಷದ ಟೀಚರನ್ನು ಬೆಂಚಿನ ಮೇಲೆ ಕೂರಿಸಿದರು. ಕೂತೆ.

ಎಕ್ಸ್‌ರೇ ಬೆಳಿಗ್ಗೆಯೇ ತೆಗೆಸಿದ್ದರು. ಅದನ್ನು ಬೆಳಕಿಗೆ ಹಿಡಿದು ನೋಡಿ ಅವರು ಹಾಲವ್ವನನ್ನು ಕೇಳಿದರು, ನಡೆಯಲು ಕಷ್ಟವಾಗುತ್ತದೆಯೇ?

‘ನಹೀ ಸಾಬ್’ ಎಂದಳು ಹಾಲವ್ವ.

ನಾನು ಬೆಂಚಿನ ತುದಿಗೆ ಸರಿದೆ.

‘ಸೀಢೀ ಚಢತೀ ಹೋ?’

‘ಚಢತೀ ಸಾಬ್. ಸಬ್ ಕಾಮ್ ಕರತೀ. ಬೋಝಾ ಭೀ ಉಠಾತೀ.’ ಮೆಟ್ಟಿಲು ಹತ್ತುತ್ತೇನೆ, ಎಲ್ಲ ಕೆಲಸ ಮಾಡುತ್ತೇನೆ, ಭಾರವನ್ನೂ ಹೊರುತ್ತೇನೆ. ಹೇಳುವಾಗ ಬೆನ್ನು ನೆಟ್ಟಗಾಯಿತು, ಗದ್ದ ಮೇಲಾಯಿತು. ಒಳಗೆ ಬಂದಾಗಿನ ಹಾಲವ್ವನೇ ಅಲ್ಲ.

ನಡೆದು ತೋರಿಸು ಎಂದರು. ಅವಳು ಗೋಡೆಯಿಂದ ಗೋಡೆಗೆ ನಡೆದಳು. ನೆಟ್ಟಗೆ, ಸಮನಾಗಿ, ಮೆರವಣಿಗೆಯಲ್ಲಿ ಕಳಸ ಹೊತ್ತವಳ ಹಾಗೆ. ಡಾಕ್ಟರು ಎಕ್ಸ್‌ರೇ ನೋಡಿದರು, ಅವಳನ್ನು ನೋಡಿದರು, ಪೆನ್ನು ಕೈಗೆತ್ತಿಕೊಂಡರು. ಆ ಪೆನ್ನು ಇಪ್ಪತ್ತು ಎಂದು ಬರೆದರೆ ಮತ್ತೆ ಚೀಟಿ, ಹದಿನೆಂಟನೆಯ ಮಹಡಿಯೂ ಬಂದೀತು, ನಾನು ಏನು ಮಾಡಿದರೂ ತಿದ್ದಲಾಗದು.

ನನಗೆ ಅವಳ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಮೂರು ತಿಂಗಳು ಅಲೆದು, ಮೂರು ಸೂಜಿ ಚುಚ್ಚಿಸಿಕೊಂಡು, ಕೊನೆಗೆ ಇಲ್ಲಿ ನಿಂತು ನನಗೇನೂ ಆಗಿಲ್ಲ ಅನ್ನುತ್ತಾಳಲ್ಲ! ಎದ್ದು ನಿಂತೆ. ಬೈಯಲು ಬಾಯಿ ತೆರೆದೆ. ಆಗ ಅವಳ ಮುಖದಲ್ಲಿ ಬೆವರು ಕಂಡಿತು. ಫ್ಯಾನಿನ ಕೆಳಗೆ ನಿಂತಿದ್ದಾಳೆ, ಹಣೆಯಿಂದ ಬೆವರು ಇಳಿಯುತ್ತಿದೆ, ತುಟಿಯಲ್ಲಿ ಮಾತ್ರ ನಗು. ಆ ನಗು ನಾನು ಕಂಡದ್ದೇ. ಚೆಂಬೂರು ನಾಕಾದಲ್ಲಿ ಬೆಳಿಗ್ಗೆ ಕೂಲಿಯವರು ಸಾಲಾಗಿ ನಿಂತಿರುತ್ತಾರೆ, ಕಂತ್ರಾಟುದಾರ ಬಂದು ಯಾರು ಗಟ್ಟಿ ಎಂದು ಕಣ್ಣಲ್ಲೇ ಅಳೆಯುತ್ತಾನೆ. ಅವರೆಲ್ಲ ಹೀಗೆಯೇ ಬೆನ್ನು ನೆಟ್ಟಗೆ ಮಾಡಿ ನಗುತ್ತಾರೆ. ಯಾರಾದರೂ ಸಾಹೇಬರು ಮೇಲಿಂದ ಕೆಳಗೆ ನೋಡಿ, ಇದು ಆಗುತ್ತದೆಯೇ, ಅದು ಆಗುತ್ತದೆಯೇ ಎಂದು ಕೇಳಿದರೆ ಇವಳಿಗೆ ಗೊತ್ತಿರುವ ಉತ್ತರ ಒಂದೇ. ಬೇರೆ ಉತ್ತರ ಕೊಟ್ಟ ದಿನ ಮನೆಯಲ್ಲಿ ಒಲೆ ಉರಿದಿಲ್ಲ.

ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ.

‘ಹಾಲವ್ವ’ ಎಂದೆ, ಕನ್ನಡದಲ್ಲಿ, ಮೆಲ್ಲಗೆ. ‘ಇವರು ಕೆಲಸಕ್ಕೆ ತೆಗೆದುಕೊಳ್ಳುವವರಲ್ಲ.’

ಅವಳು ನನ್ನನ್ನು ನೋಡಿದಳು. ಅರ್ಥವಾಗಲಿಲ್ಲವೇನೋ ಎಂದುಕೊಂಡೆ. ಡಾಕ್ಟರು ಏನು ಹೇಳಿದಿರಿ ಎಂದು ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಹಾಲವ್ವ ಗೋಡೆಗೆ ಕೈ ಊರಿ, ಬಗ್ಗಿ, ಎರಡೂ ಚಪ್ಪಲಿ ತೆಗೆದಳು. ಎಡಗಾಲಿನದು ಸಾದಾ ರಬ್ಬರ್ ಚಪ್ಪಲಿ. ಬಲಗಾಲಿನದರ ಅಡಿಗೆ ಹಳೆಯ ಚಪ್ಪಲಿಯ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿ, ಮೊಳೆ ಹೊಡೆದು, ಎರಡು ಬೆರಳು ದಪ್ಪ ಮಾಡಿದ್ದಳು. ಸೀರೆಯ ಅಂಚು ನೆಲ ಸವರುವಂತೆ ಉಡುತ್ತಿದ್ದುದು ಅದಕ್ಕೆ. ಕಾಲು ತೋರಿಸಿದ ದಿನವೂ ನನ್ನ ಕಣ್ಣು ಎಲುಬಿನ ಮೇಲೆಯೇ ಇತ್ತು, ಹತ್ತು ವರ್ಷದಲ್ಲಿ ನಾನು ಒಮ್ಮೆಯೂ ಆ ಚಪ್ಪಲಿಯನ್ನು ಕಂಡಿರಲಿಲ್ಲ.

ಆಮೇಲೆ ಬರಿಗಾಲಲ್ಲಿ ನಡೆದಳು. ಬಲಗಾಲಿಟ್ಟಾಗ ಇಡೀ ಮೈ ಆ ಕಡೆಗೆ ಕುಸಿಯುತ್ತಿತ್ತು, ಕೈಯಿಂದ ತೊಡೆ ಒತ್ತಿ ಮತ್ತೆ ಮೇಲೇಳುತ್ತಿದ್ದಳು. ಗೋಡೆಯಿಂದ ಗೋಡೆಗೆ ಹತ್ತು ಹೆಜ್ಜೆ. ಈ ಸಲ ನಗುತ್ತಿರಲಿಲ್ಲ. ಮುಟ್ಟಿದ ಮೇಲೆ ಗೋಡೆಯ ಕಡೆಗೇ ಮುಖ ಮಾಡಿ ನಿಂತಳು.

‘ಸಾಬ್, ಐಸಾ ಚಲತೀ. ಘರ್ ಮೇ’ ಎಂದಳು. ಹೀಗೆ ನಡೆಯುತ್ತೇನೆ, ಮನೆಯಲ್ಲಿ.

ಡಾಕ್ಟರು ಕುರ್ಚಿಯಿಂದ ಎದ್ದರು. ಬಗ್ಗಿ ಆ ಚಪ್ಪಲಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ‘ಯೇ ಕಿಸನೇ ಬನಾಯಾ?’ ಯಾರು ಮಾಡಿದ್ದು? ತಾನೇ ಎಂದಳು. ಅಳತೆ ಸರಿಯಾಗಿದೆ ಎಂದರು ಅವರು, ಅಣಕಿಸಿ ಅಲ್ಲ. ಆಮೇಲೆ ಅವಳನ್ನು ಮಂಚದ ಮೇಲೆ ಮಲಗಿಸಿ ಟೇಪು ಹಿಡಿದು ಅಳೆದರು, ಪಾದವನ್ನು ಮೇಲಕ್ಕೂ ಕೆಳಕ್ಕೂ ಬಗ್ಗಿಸಿ ನೋಡಿದರು. ಅದು ಎರಡು ಕಡೆಗೂ ಬಗ್ಗಲಿಲ್ಲ. ಕಾಲು ಮೂರೂವರೆ ಸೆಂಟಿಮೀಟರು ಗಿಡ್ಡ, ಹಿಮ್ಮಡಿಯ ಮೇಲಿನ ಕೀಲು ಬಿಗಿದುಹೋಗಿದೆ. ಪಕ್ಕದಲ್ಲಿದ್ದ ಇನ್ನೊಬ್ಬ ಡಾಕ್ಟರಿಗೆ ಲೆಕ್ಕ ಹೇಳಿದರು, ಅವರು ಬರೆದುಕೊಂಡರು. ಕೂಡಿಸುವುದಕ್ಕೆ ಅವರಿಗೆ ಐದು ನಿಮಿಷ ಬೇಕಾಯಿತು. ನಾನು ಬೆಂಚಿನ ಅಂಚನ್ನು ಹಿಡಿದು ಕೂತಿದ್ದೆ.

ನಲವತ್ತಾರು. ಕಾಯಂ.

ಅದೃಷ್ಟಕ್ಕೆ ಆ ದಿನ ಸರ್ವರ್ ನಡೆಯುತ್ತಿತ್ತು. ಮೂರು ಗಂಟೆಗೆ ಸರ್ಟಿಫಿಕೇಟು ಕೈಗೆ ಬಂತು, ಕಾರ್ಡು ಆಮೇಲೆ ಟಪಾಲಿನಲ್ಲಿ ಬರುತ್ತದೆಯಂತೆ. ಆಸ್ಪತ್ರೆಯ ಮೆಟ್ಟಿಲ ಬಳಿ ನಿಂತು ಅದರ ಫೋಟೋ ತೆಗೆದು ಅನಿಲನಿಗೆ ಕಳಿಸಿದೆ. ಎರಡು ನಿಮಿಷದಲ್ಲಿ ಅವನ ಉತ್ತರ: ‘ಹೆಸರು ಬರೆದೆ ಆಂಟಿ. ನಾಳೆ ಒರಿಜಿನಲ್ ತನ್ನಿ. ಸೆಕೆಂಡ್ ಫ್ಲೋರ್ ಪಕ್ಕಾ.’ ಗಟ್ಟಿಯಾಗಿ ಓದಿ ಹೇಳಿದೆ.

ಹಾಲವ್ವ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಆ ಅಂಕೆಯನ್ನೇ ನೋಡುತ್ತಿದ್ದಳು. ‘ಎಷ್ಟಕ್ಕ ಪಾಸ್ ರಿ?’

‘ನಲವತ್ತಕ್ಕೆ.’

‘ಹಂಗಾದ್ರ ಆರ ಹೆಚ್ಚಿಗಿ ಬಿದ್ದಾವ’ ಎಂದಳು. ನಗಲು ಹೋದಳು, ಆಗಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡು ಆ ಮೆಟ್ಟಿಲ ಮೇಲೆಯೇ ಕೂತು ಅತ್ತಳು. ಹೋಗಿ ಬರುವವರು ಯಾರೋ ತೀರಿಕೊಂಡರೆಂದು ತಿಳಿದು ಪಕ್ಕಕ್ಕೆ ಸರಿದು ಹೋದರು. ನನಗೆ ಸಮಾಧಾನ ಮಾಡಲು ಬರುವುದಿಲ್ಲ. ಪಕ್ಕದಲ್ಲಿ ಕೂತು ಅವಳ ಬೆನ್ನಿನ ಮೇಲೆ ಕೈ ಇಟ್ಟೆ, ನನ್ನ ಕಣ್ಣೂ ಒದ್ದೆಯಾಯಿತು.

ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಎದ್ದಳು. ನಾನೂ ಎದ್ದೆ. ನಾಲ್ಕರ ಗಾಡಿ ಸಿಕ್ಕರೆ ಸಂಜೆಯ ಬುಟ್ಟಿಗೆ ಹಿಟ್ಟು ಕಲಸಲು ಅವಳಿಗೆ ಹೊತ್ತು ಸಿಗುತ್ತದೆ ಎಂದು ಲೆಕ್ಕ ಹಾಕುತ್ತ, ಎಂದಿನಂತೆ ಸ್ಟೇಷನ್ನಿನ ಕಡೆಗೆ ಬಿರಬಿರನೆ ಹೆಜ್ಜೆ ಹಾಕಿದೆ. ನನ್ನ ನಡಿಗೆ ಯಾವಾಗಲೂ ಜೋರು. ಈ ಹತ್ತು ವರ್ಷದಲ್ಲಿ ಮಾರ್ಕೆಟ್ಟಿಗೆ, ಬ್ಯಾಂಕಿಗೆ, ವಾರ್ಡ್ ಆಫೀಸಿಗೆ ಎಷ್ಟು ಸಲ ಇಬ್ಬರೂ ಜೊತೆಯಲ್ಲಿ ಹೋಗಿದ್ದೇವೆ, ಒಂದು ಸಲವೂ ಅವಳು ಹಿಂದೆ ಬಿದ್ದದ್ದಿಲ್ಲ.

‘ಅಕ್ಕೋರ’ ಎಂದು ಹಿಂದಿನಿಂದ ಕರೆದಳು. ತಿರುಗಿದೆ. ನಾಲ್ಕು ಮಾರು ಹಿಂದೆ ನಿಂತಿದ್ದಳು, ಒಂದು ಕೈ ಗೇಟಿನ ಕಂಬದ ಮೇಲೆ, ಇನ್ನೊಂದು ಕೈಯಲ್ಲಿ ಸರ್ಟಿಫಿಕೇಟು.

‘ಸ್ವಲ್ಪ ಸಾವಕಾಶ ನಡೀರಿ. ನಂಗ ಆಗವಲ್ತು.’

ನಾನು ವಾಪಸು ಹೋಗಿ ಅವಳ ಪಕ್ಕ ನಿಂತೆ. ನಾಲ್ಕರ ಗಾಡಿ ತಪ್ಪಿತು.